ಪಾಠೋಪಕರಣಗಳ ವಿಕ್ರಯವೂ ಉಪಾಧ್ಯಾಯರ ಲೇಖನಿಯೂ

ಯಾವುದೇ ಹಳೆಯ ಪಾಠಶಾಲೆಯ ಕಪಾಟನ್ನು ತೆರೆದು ನೋಡಿದರೆ ಅಲ್ಲಿ ಉಪಾಧ್ಯಾಯರ ಪರಿಶ್ರಮದ ಒಂದು ಮೌನ ಚರಿತ್ರೆಯೇ ಕಾಣಸಿಗುತ್ತದೆ. ರಟ್ಟಿನ ಮೇಲೆ ಬಣ್ಣದ ಕಾಗದವನ್ನು ಅಂಟಿಸಿ ಮಾಡಿದ ಭಿನ್ನರಾಶಿಯ ಚಕ್ರ, ಹತ್ತು ಹತ್ತಾಗಿ ನೂಲಿನಿಂದ ಕಟ್ಟಿಟ್ಟ ಬೆಂಕಿಕಡ್ಡಿಗಳ ಕಟ್ಟುಗಳು, ಸಂಧಿ ಸಮಾಸಗಳ ಮಿಂಚುಪಟ್ಟಿಗಳು, ನದಿಗಳನ್ನು ನೀಲಿ ಶಾಯಿಯಲ್ಲಿ ತಿದ್ದಿದ ಬಟ್ಟೆಯ ನಕ್ಷೆ. ಇವನ್ನು ಮಾಡಿದವರು ಸೇವೆಯಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿರುತ್ತವೆ. ವಸ್ತು ಉಳಿದಿದೆ. ಆದರೆ ಯಾವ ಮಗುವಿನ ಯಾವ ತೊಡಕನ್ನು ಕಂಡು ಅದನ್ನು ಮಾಡಿದರು, ಯಾವ ಕ್ರಮದಲ್ಲಿ ಬಳಸಿದರು, ಎಲ್ಲಿ ಅದು ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬ ಅರಿವು ಅವರೊಡನೆಯೇ ಹೊರಟುಹೋಗಿರುತ್ತದೆ. ಹೊಸದಾಗಿ ಬಂದ ಉಪಾಧ್ಯಾಯರು ಆ ಚಕ್ರವನ್ನು ಕೈಗೆತ್ತಿಕೊಂಡು, ಧೂಳು ಒರೆಸಿ, ಮತ್ತೆ ಅಲ್ಲಿಯೇ ಇಡುತ್ತಾರೆ. ಉಪಕರಣವೊಂದು ಮಾಡಿದವರ ಕೈಯಿಂದ ಮತ್ತೊಬ್ಬರ ಕೈಗೆ ದಾಟಬೇಕಾದರೆ ಅದರ ಜೊತೆಗೆ ಬರವಣಿಗೆಯೂ ದಾಟಬೇಕಾಗುತ್ತದೆ.

ಈ ಮಾತಿಗೆ ಇಂದು ಹಿಂದೆಂದೂ ಇಲ್ಲದ ಮಹತ್ತ್ವ ಬಂದಿದೆ. ಏಕೆಂದರೆ ಉಪಾಧ್ಯಾಯರು ಸ್ವತಃ ಸಿದ್ಧಪಡಿಸಿದ ಪಾಠೋಪಕರಣಗಳನ್ನು ಅಂತರಜಾಲದ ಮೂಲಕ ಇತರ ಉಪಾಧ್ಯಾಯರಿಗೆ ಮಾರುವ ಪದ್ಧತಿ ಪ್ರಪಂಚದ ಹಲವೆಡೆ ನೆಲೆಗೊಂಡಿದೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳಲ್ಲಿ ಪಾಠ ಹೇಳಿದ ಪಾಲ್ ಎಡೆಲ್ಮನ್ ಎಂಬುವರು 2006ರಲ್ಲಿ ‘ಟೀಚರ್ಸ್ ಪೇ ಟೀಚರ್ಸ್’ ಎಂಬ ಮಾರುಕಟ್ಟೆಯನ್ನು ಆರಂಭಿಸಿದರು. ಉಪಾಧ್ಯಾಯರೇ ಮಾರುವವರು, ಉಪಾಧ್ಯಾಯರೇ ಕೊಳ್ಳುವವರು. ಮಾರಾಟದ ಹಣದಲ್ಲಿ ಒಂದು ಪಾಲು ಮಾರುಕಟ್ಟೆ ನಡೆಸುವವರಿಗೆ ಸಲ್ಲುತ್ತದೆ. ಜಾರ್ಜಿಯಾ ಸಂಸ್ಥಾನದ ಶಿಶುವಿಹಾರದ ಶಿಕ್ಷಕಿ ಡಿಯಾನಾ ಜಂಪ್ ಅವರ ಒಟ್ಟು ಮಾರಾಟ 2012ರಲ್ಲಿ ಹತ್ತು ಲಕ್ಷ ಡಾಲರನ್ನು ಮುಟ್ಟಿದಾಗ ಆ ಸುದ್ದಿ ದೇಶವಿಡೀ ಹಬ್ಬಿತು. ಸುದ್ದಿಯನ್ನು ಓದಿದವರು ಹಣದ ಮೊತ್ತವನ್ನು ಕಂಡರು. ಆಕೆ ತಮ್ಮ ತರಗತಿಯಲ್ಲಿ ನಡೆಯುವ ಕೆಲಸವನ್ನು ಚಿತ್ರಸಹಿತವಾಗಿ ಅಂತರಜಾಲದಲ್ಲಿ ಬರೆದು ಪ್ರಕಟಿಸುತ್ತ ಬಂದಿದ್ದರೆಂಬುದನ್ನು ಗಮನಿಸಿದವರು ಕಡಮೆ. ಮುಂದೆ 2023ರಲ್ಲಿ ಈ ಮಾರುಕಟ್ಟೆಯನ್ನು ಐಎಕ್ಸ್‌ಎಲ್ ಲರ್ನಿಂಗ್ ಎಂಬ ಕಂಪನಿ ಕೊಂಡುಕೊಂಡಿತು.

ಲಕ್ಷಗಟ್ಟಲೆ ಸಾಮಗ್ರಿಗಳು ತುಂಬಿರುವ ಅಂಥ ಸಂತೆಯಲ್ಲಿ ವಸ್ತುವನ್ನು ಇಟ್ಟ ಮಾತ್ರಕ್ಕೆ ಕೊಳ್ಳುವವರು ಬರುವುದಿಲ್ಲ. ಆದ್ದರಿಂದ ಉಪಾಧ್ಯಾಯರು ತಮ್ಮ ಉಪಕರಣವನ್ನು ಪರಿಚಯಿಸುವ ಲೇಖನಗಳನ್ನು ಉದ್ದೇಶಪೂರ್ವಕವಾಗಿ ಬರೆಯತೊಡಗಿದ್ದಾರೆ. ಇದನ್ನು ಹೊಸ ಕಾಲದ ವ್ಯಾಪಾರಿ ಚಾಳಿಯೆಂದು ಮೂಗು ಮುರಿಯುವವರಿದ್ದಾರೆ. ಶಿಕ್ಷಣದ ಇತಿಹಾಸವನ್ನು ಬಲ್ಲವರಿಗೆ ಮಾತ್ರ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಶಿಕ್ಷಕರ ತರಬೇತಿ ವಿದ್ಯಾಲಯಗಳಲ್ಲಿ ಯಾರ ಹೆಸರನ್ನು ಭಕ್ತಿಯಿಂದ ಹೇಳಿಕೊಡುತ್ತಾರೆಯೋ ಆ ಫ್ರೋಬೆಲ್ ಮಹಾಶಯರೇ ಈ ದಾರಿಯಲ್ಲಿ ನಡೆದು, ಎಡವಿ, ಸಾಲಗಾರರಾಗಿದ್ದವರು.

ಫ್ರೆಡರಿಕ್ ಫ್ರೋಬೆಲ್ ಜರ್ಮನಿಯ ಥುರಿಂಜಿಯಾ ಪ್ರಾಂತದಲ್ಲಿ 1782ರಲ್ಲಿ ಜನಿಸಿದರು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಚಿಕ್ಕ ಊರಿನಲ್ಲಿ ಅವರು ಒಂದು ಸಂಸ್ಥೆಯನ್ನು ತೆರೆದು, ಎಳೆಯ ಮಕ್ಕಳಿಗಾಗಿ ‘ಕೊಡುಗೆ’ಗಳೆಂದು ಕರೆದ ಆಟಿಕೆಗಳನ್ನು ಮಾಡಿಸಲಾರಂಭಿಸಿದರು. ಮೊದಲನೆಯ ಕೊಡುಗೆ ಆರು ಬಣ್ಣದ ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗೋಳ, ಘನ ಮತ್ತು ಉರುಳೆ. ಮೂರನೆಯದು ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಒಂದು ಘನ. ಒಂದನ್ನು ಬಿಡಿಸಿ ಎಂಟು ಮಾಡುವ, ಎಂಟನ್ನು ಕೂಡಿಸಿ ಮತ್ತೆ ಒಂದು ಮಾಡುವ ಆಟದಲ್ಲಿ ಮಗು ಅರೆ, ಕಾಲು, ಅರೆಕಾಲುಗಳನ್ನು ಕೈಯಿಂದಲೇ ಕಲಿಯುತ್ತದೆ. ಈ ಪೆಟ್ಟಿಗೆಗಳು ಮಾರಾಟಕ್ಕೆ ಸಿದ್ಧವಾದವು. ಅವನ್ನು ಪರಿಚಯಿಸುವುದಕ್ಕಾಗಿಯೇ ಫ್ರೋಬೆಲ್ 1838ರಲ್ಲಿ ಒಂದು ಭಾನುವಾರದ ಪತ್ರಿಕೆಯನ್ನು ಹೊರಡಿಸಿದರು. ಅದು 1840ರವರೆಗೆ ನಡೆಯಿತು. ಚೆಂಡನ್ನು ದಾರದಲ್ಲಿ ಕಟ್ಟಿ ತೂಗುವುದು ಹೇಗೆ, ಘನವನ್ನು ತಿರುಗಿಸಿದಾಗ ಮಗುವಿಗೆ ಏನು ಕಾಣುತ್ತದೆ ಎಂಬ ವಿವರಗಳು ಅದರಲ್ಲಿ ಬಂದವು.

ಆ ಪತ್ರಿಕೆ ಏಕೆ ಹಬ್ಬಲಿಲ್ಲ? ಫ್ರೋಬೆಲ್ ಮಹಾ ಬೋಧಕರು; ಆದರೆ ಅವರ ಗದ್ಯ ಭಾರವಾದುದು. ಚೆಂಡಿನ ಮಾತನ್ನು ಎತ್ತಿಕೊಂಡರೆ ಎರಡು ವಾಕ್ಯಗಳಾಗುವಷ್ಟರಲ್ಲಿ ವಿಶ್ವದ ಏಕತೆಯ ಮಾತಿಗೆ ಹೋಗಿಬಿಡುತ್ತಿದ್ದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿಗೆ ಬೇಕಾದುದು, ಈ ಚೆಂಡಿನಿಂದ ಈ ದಿನ ಏನು ಮಾಡಲಿ ಎಂಬ ಒಂದು ಉತ್ತರ. ಆ ಉತ್ತರ ಅಲ್ಲಿ ಇಲ್ಲದೆ ಇರಲಿಲ್ಲ; ತತ್ತ್ವದ ಕಾಡಿನಲ್ಲಿ ಅದನ್ನು ಹುಡುಕಬೇಕಾಗಿತ್ತು. 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಹೆಸರು ಕೊಟ್ಟು ಪಾಲುಬಂಡವಾಳ ಕೂಡಿಸಲು ಜರ್ಮನಿಯ ಮಹಿಳೆಯರಿಗೆ ಅವರು ಮೊರೆಯಿಟ್ಟರು. ಅದೂ ಕೈಗೂಡಲಿಲ್ಲ. 1844ರಲ್ಲಿ ಬ್ಲಾಂಕೆನ್‌ಬುರ್ಗಿನ ಸಂಸ್ಥೆ ಹಣದ ಮುಗ್ಗಟ್ಟಿನಿಂದ ಮುಚ್ಚಿತು.

ಆದರೆ ಅವರ ಬರಹ ಗೆಲ್ಲದ ಕಡೆ ಅವರ ಆಟ ಗೆದ್ದಿತು. 1849ರಲ್ಲಿ ಲೀಬೆನ್‌ಸ್ಟೈನ್ ಎಂಬ ಊರಿಗೆ ಆರೋಗ್ಯಸ್ನಾನಕ್ಕಾಗಿ ಬಂದಿದ್ದ ಬರ್ತಾ ಫಾನ್ ಮಾರೆನ್‌ಹೋಲ್ಟ್ಸ್-ಬ್ಯೂಲೋ ಎಂಬ ಕುಲೀನ ಮಹಿಳೆಗೆ ಅಲ್ಲಿಯ ಜನ ಹೇಳಿದ ಸುದ್ದಿಯೆಂದರೆ, ಹಳ್ಳಿಯ ಮಕ್ಕಳೊಡನೆ ಕುಣಿದಾಡುವ ಒಬ್ಬ ಮುದಿ ಮರುಳನು ಊರಿಗೆ ಬಂದಿದ್ದಾನೆಂಬುದು. ಆಕೆ ಹೋಗಿ ನೋಡಿದರು. ನೋಡಿದ ಮೇಲೆ ತಮ್ಮ ಉಳಿದ ಆಯುಷ್ಯವನ್ನು ಆ ಮುದಿ ಮರುಳನ ವಿಚಾರಗಳ ಪ್ರಚಾರಕ್ಕೆ ಮುಡಿಪಿಟ್ಟರು. ಪ್ರಷ್ಯಾ ಸರಕಾರ 1851ರಲ್ಲಿ ಶಿಶುವಿಹಾರಗಳನ್ನು ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದುದು 1860ರಲ್ಲಿ. ಆ ಕಷ್ಟಕಾಲವನ್ನು ದಾಟಿಸಿದವರಲ್ಲಿ ಈ ಮಹಿಳೆ ಪ್ರಮುಖರು. ಆಕೆಯನ್ನು ಒಲಿಸಿಕೊಂಡದ್ದು ಮಕ್ಕಳು ನಲಿಯುತ್ತಿದ್ದ ಕಣ್ಣೆದುರಿನ ದೃಶ್ಯ.

ಇದರ ಮುಂದಿನ ಕಥೆ ಅಟ್ಲಾಂಟಿಕ್ ಸಮುದ್ರದ ಆಚೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಿಲ್ಟನ್ ಬ್ರಾಡ್ಲಿ ಎಂಬ ಶಿಲಾಮುದ್ರಣಕಾರರಿದ್ದರು. ಮನೆಯೊಳಗೆ ಆಡುವ ಹಾಸುಗಳನ್ನು ಅಚ್ಚುಹಾಕಿ ಮಾರುವುದು ಅವರ ಉದ್ಯೋಗ. ಬಾಸ್ಟನ್ನಿನಲ್ಲಿ 1860ರಲ್ಲಿಯೇ ಶಿಶುವಿಹಾರ ತೆರೆದಿದ್ದ ಎಲಿಜಬೆತ್ ಪೀಬಾಡಿಯವರ ಉಪನ್ಯಾಸವನ್ನು ಕೇಳಿದ ಬ್ರಾಡ್ಲಿ, ಫ್ರೋಬೆಲ್ ಕೊಡುಗೆಗಳನ್ನು ತಾವೇ ತಯಾರಿಸಲು ಸಂಕಲ್ಪಿಸಿದರು. ಪೆಟ್ಟಿಗೆಗಳನ್ನು ಅಂಗಡಿಯಲ್ಲಿಟ್ಟರೆ ಅವು ಬರಿಯ ಮರದ ತುಂಡುಗಳಂತೆ ಕಂಡಾವೆಂಬುದನ್ನು ವ್ಯಾಪಾರಿಯಾದ ಅವರು ಬಲ್ಲರು. ಆದ್ದರಿಂದ 1869ರಲ್ಲಿ, ಅದೇ ಊರಿನ ಎಡ್ವರ್ಡ್ ವೀಬೆ ಎಂಬ ಜರ್ಮನ್ ಮೂಲದ ಶಿಕ್ಷಕರು ಬರೆದ ‘ಪ್ಯಾರಡೈಸ್ ಆಫ್ ಚೈಲ್ಡ್‌ಹುಡ್’ ಎಂಬ ಕೈಪಿಡಿಯನ್ನು ಪ್ರಕಟಿಸಿದರು. ಇಂಗ್ಲಿಷ್ ಬಲ್ಲ ಸಾಮಾನ್ಯ ಶಿಕ್ಷಕಿಯು ಪುಟ ತೆರೆದು, ಚಿತ್ರ ನೋಡಿ, ಘನಗಳನ್ನು ಅಂತೆಯೇ ಜೋಡಿಸಿ ಮಕ್ಕಳಿಗೆ ತೋರಿಸಬಹುದಾಗಿತ್ತು. ಬೇಕಾದರೆ ಊರ ಬಡಗಿಯಿಂದಲೂ ಘನಗಳನ್ನು ಮಾಡಿಸಿಕೊಳ್ಳಬಹುದಾಗಿತ್ತು. ಪುಸ್ತಕ ಕೊಂಡವರೆಲ್ಲ ಪೆಟ್ಟಿಗೆ ಕೊಳ್ಳಲೇಬೇಕೆಂಬ ಕಟ್ಟು ಅದರಲ್ಲಿರಲಿಲ್ಲ. ಮೊದಲ ಹಲವು ವರ್ಷ ಈ ವಿಭಾಗದಿಂದ ಲಾಭವಿರಲಿಲ್ಲ. ಬಿಟ್ಟುಬಿಡಿರೆಂದು ಪಾಲುದಾರರು ಒತ್ತಾಯಿಸಿದರು, ಬ್ರಾಡ್ಲಿ ಬಿಡಲಿಲ್ಲ. 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಶಿಶುವಿಹಾರವೊಂದನ್ನು ಮಕ್ಕಳ ಸಮೇತ ನಡೆಸಿ ತೋರಿಸಲಾಯಿತು. ಆ ಪ್ರದರ್ಶನದಲ್ಲಿ ಕೊಡುಗೆಗಳನ್ನು ಕಂಡು ಮಗನಿಗಾಗಿ ತಂದ ತಾಯಿಯೊಬ್ಬರ ಮಗನೇ ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ಘನಗಳ ಋಣವನ್ನು ರೈಟ್ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಮರಿಯಾ ಮಾಂಟೆಸೊರಿಯವರ ಸಂಗತಿಯೂ ಇದಕ್ಕೆ ಹೊರತಲ್ಲ. 1907ರಲ್ಲಿ ರೋಮಿನಲ್ಲಿ ತೆರೆದ ಅವರ ಶಿಶುಗೃಹದ ಹೆಸರು ಅಮೆರಿಕದ ಮನೆಮನೆಗೆ ತಲುಪಿದ್ದು 1911ರಲ್ಲಿ ‘ಮಕ್ಲೂರ್ಸ್’ ಮಾಸಪತ್ರಿಕೆಯಲ್ಲಿ ಬಂದ ಲೇಖನದಿಂದ. ಲೇಖನದ ಹಿಂದೆಯೇ ಉಪಕರಣಗಳ ಮಾರಾಟವೂ ಆರಂಭವಾಯಿತು. ತರಬೇತಿಯಿಲ್ಲದವರ ಕೈಯಲ್ಲಿ ತಮ್ಮ ಉಪಕರಣ ಕೆಟ್ಟೀತೆಂಬ ಆತಂಕ ಅವರಿಗೆ ಕೊನೆಯವರೆಗೂ ಇತ್ತು. 1939ರಲ್ಲಿ ಅವರು ಮದರಾಸಿನ ಅಡಿಯಾರಿಗೆ ಬಂದು ತರಬೇತಿ ಶಿಬಿರಗಳನ್ನು ನಡೆಸಿದುದರ ಫಲವಾಗಿ ನಮ್ಮ ದೇಶದ ಬಾಲವಾಡಿಗಳಿಗೂ ಅವರ ಪದ್ಧತಿಯ ಪರಿಚಯ ನೇರವಾಗಿ ಒದಗಿತು.

ಹೀಗೆ ನೋಡಿದಾಗ, ಪರಿಚಯಲೇಖನವು ಎಂಥದಿರಬೇಕೆಂಬ ಪ್ರಶ್ನೆಗೆ ಫ್ರೋಬೆಲ್ ಪತ್ರಿಕೆಗೂ ಬ್ರಾಡ್ಲಿಯವರ ಕೈಪಿಡಿಗೂ ಇರುವ ಅಂತರದಲ್ಲಿಯೇ ಉತ್ತರವಿದೆ. ಕೊಳ್ಳದೆ ಹೋದವರಿಗೂ ಉಪಯೋಗವಾಗುವ ಬರಹವೇ ಕೊಳ್ಳುವವರ ನಂಬಿಕೆಯನ್ನು ಗಳಿಸುತ್ತದೆ. ಒಂದು ಉದಾಹರಣೆಯಿಂದ ಇದನ್ನು ಪರಿಶೀಲಿಸಬಹುದು.

ಮೂರನೆಯ ನಾಲ್ಕನೆಯ ತರಗತಿಗಳ ವ್ಯವಕಲನವನ್ನು ಕಲಿಸಿದ ಉಪಾಧ್ಯಾಯರೆಲ್ಲರಿಗೂ ಪರಿಚಿತವಾದ ತಪ್ಪೊಂದಿದೆ. 302ರಲ್ಲಿ 147ನ್ನು ಕಳೆಯಿರೆಂದರೆ ಮಗು 245 ಎಂದು ಬರೆಯುತ್ತದೆ. ಸರಿಯುತ್ತರ 155. ಮಗು ಅಜಾಗರೂಕತೆಯಿಂದ ತಪ್ಪಿದ್ದಲ್ಲ. ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ತನ್ನದೇ ಆದ ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸಿದೆ: ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಸೊನ್ನೆ ಹೋದರೆ ನಾಲ್ಕು, ಮೂರರಲ್ಲಿ ಒಂದು ಹೋದರೆ ಎರಡು. ‘ಪಕ್ಕದ ಮನೆಯಿಂದ ಸಾಲ ತೆಗೆದುಕೋ’ ಎಂದು ಹೇಳಿಕೊಟ್ಟರೂ ಇಲ್ಲಿ ಪ್ರಯೋಜನವಿಲ್ಲ. ಪಕ್ಕದ ಮನೆಯಲ್ಲಿ ಸೊನ್ನೆಯಿದೆ. ಕೊಡಲು ಅವರಲ್ಲೇ ಇಲ್ಲವಲ್ಲ ಎಂದು ಮಗು ಕೈಚೆಲ್ಲುವುದು ಸಹಜ.

ಈ ತೊಡಕಿಗಾಗಿ ಉಪಾಧ್ಯಾಯಿನಿಯೊಬ್ಬರು ನಲವತ್ತು ಪಟ್ಟಿಗಳ ಒಂದು ಕಟ್ಟನ್ನು ಸಿದ್ಧಪಡಿಸಿ ಮಾರಾಟಕ್ಕಿಟ್ಟಿದ್ದಾರೆಂದು ಭಾವಿಸೋಣ. ಅದರ ಪರಿಚಯವನ್ನು ಅವರು ಎರಡು ರೀತಿಯಲ್ಲಿ ಬರೆಯಬಹುದು. ಅಂದವಾದ ಬಣ್ಣ, ಉತ್ತಮ ಕಾಗದ, ಎಲ್ಲ ಮಕ್ಕಳಿಗೂ ಮೆಚ್ಚುಗೆ, ಬೆಲೆ ಅತ್ಯಲ್ಪ ಎಂದು ಬರೆಯುವುದು ಒಂದು ರೀತಿ. ಇದನ್ನು ಓದಿದ ಮತ್ತೊಬ್ಬ ಉಪಾಧ್ಯಾಯರಿಗೆ ತಮ್ಮ ತರಗತಿಯ ನೆನಪು ಬರುವುದಿಲ್ಲ. ಜಾತ್ರೆಯ ಕೂಗಿನ ನೆನಪು ಬರುತ್ತದೆ. ಎರಡನೆಯ ರೀತಿಯಲ್ಲಿ ಲೇಖನವು 245 ಎಂಬ ಆ ತಪ್ಪುತ್ತರದಿಂದಲೇ ಮೊದಲಾಗುತ್ತದೆ. ಮಗು ಹಾಗೇಕೆ ಬರೆಯಿತೆಂದು ತಿಳಿಸುತ್ತದೆ. ಆಮೇಲೆ ನೂರರ ಮೂರು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮೇಜಿನ ಮೇಲೆ ಇಡಿಸುತ್ತದೆ. ನೂರರ ಒಂದು ಕಟ್ಟನ್ನು ಬಿಚ್ಚಿದರೆ ಹತ್ತರ ಹತ್ತು ಕಟ್ಟುಗಳು; ಅವುಗಳಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿ ಕಡ್ಡಿಗಳು. ಈಗ ಮೇಜಿನ ಮೇಲಿರುವುದು ನೂರರ ಎರಡು, ಹತ್ತರ ಒಂಬತ್ತು, ಬಿಡಿ ಹನ್ನೆರಡು. ಮೊತ್ತ ಅದೇ 302 ಎಂಬುದನ್ನು ಮಗುವೇ ಎಣಿಸಿ ಹೇಳಬೇಕು. ಕಳೆಯುವ ಕೆಲಸ ಆಮೇಲಿನದು: ಹನ್ನೆರಡರಲ್ಲಿ ಏಳು ಹೋಗಿ ಐದು, ಒಂಬತ್ತರಲ್ಲಿ ನಾಲ್ಕು ಹೋಗಿ ಐದು, ಎರಡರಲ್ಲಿ ಒಂದು ಹೋಗಿ ಒಂದು. ಲೇಖನದ ಕೊನೆಯಲ್ಲಿ ಮಾದರಿಗಾಗಿ ಎರಡು ಪಟ್ಟಿಗಳನ್ನು ಹಣವಿಲ್ಲದೆ ಕೊಟ್ಟು, ಉಳಿದವು ಯಾವ ಕ್ರಮದಲ್ಲಿ ಏರುತ್ತವೆ, ಬೆಲೆಯೆಷ್ಟು, ಎಲ್ಲಿ ದೊರೆಯುತ್ತವೆ ಎಂದು ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ.

ಈ ಲೇಖನವನ್ನು ಓದಿದ ನೂರು ಮಂದಿಯಲ್ಲಿ ಬಹುಪಾಲು ಮಂದಿ ಕಡ್ಡಿಗಳನ್ನು ತಾವೇ ಕಟ್ಟಿಕೊಂಡು ಪಾಠ ಮಾಡಿಯಾರು. ಅದರಿಂದ ಬರೆದವರಿಗೆ ನಷ್ಟವೇನೂ ಇಲ್ಲ. ಹೊತ್ತಿಲ್ಲದವರು, ಒಂದೇ ಕೊಠಡಿಯಲ್ಲಿ ಮೂರು ತರಗತಿಗಳನ್ನು ನೋಡಿಕೊಳ್ಳಬೇಕಾದವರು ಸಿದ್ಧ ಪಟ್ಟಿಗಳನ್ನು ಕೊಳ್ಳುತ್ತಾರೆ. ಏಕೆಂದರೆ ಬರೆದವರು ಮಗುವನ್ನು ಬಲ್ಲರೆಂಬುದು ಅವರಿಗೆ ಮನದಟ್ಟಾಗಿದೆ. ಉಪಕರಣ ಎಲ್ಲಿ ಫಲಿಸದು ಎಂಬುದನ್ನೂ ಒಂದು ಮಾತಿನಲ್ಲಿ ಹೇಳಿದರೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಹತ್ತರವರೆಗಿನ ಎಣಿಕೆಯೇ ತಿಳಿಯದ ಮಗುವಿನ ಮುಂದೆ ಈ ಪಟ್ಟಿಗಳನ್ನು ಹರಡಿ ಫಲವಿಲ್ಲವೆಂದು ಬರೆಯಲು ಹಿಂಜರಿಯಬೇಕಾಗಿಲ್ಲ. ಲೇಖನ ಪ್ರಕಟವಾಗುವ ಕಾಲವೂ ಮುಖ್ಯ. ಆ ಪಾಠ ತರಗತಿಗೆ ಬರುವುದಕ್ಕೆ ಕೆಲವು ವಾರ ಮುಂಚೆ ಅದು ಉಪಾಧ್ಯಾಯರ ಕೈಸೇರಬೇಕು. ಪರೀಕ್ಷೆ ಮುಗಿದ ಮೇಲೆ ಬಂದರೆ ಓದುವವರಿರುವುದಿಲ್ಲ. ಶೀರ್ಷಿಕೆಯ ಮಾತಿಗೆ ಬಂದರೆ, ಕಾವ್ಯಮಯವಾದ ಹೆಸರಿಗಿಂತ ‘ಸೊನ್ನೆಯಿರುವ ಸಂಖ್ಯೆಯಿಂದ ಕಳೆಯುವುದು’ ಎಂಬ ಸಾದಾ ಹೆಸರೇ ಲೇಸು. ಕಷ್ಟದಲ್ಲಿರುವ ಉಪಾಧ್ಯಾಯರು ಹುಡುಕುವುದು ಅದೇ ಮಾತುಗಳಿಂದ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಮಾರುವ ಬರಹ ಚೆನ್ನಾಗಿದ್ದ ಮಾತ್ರಕ್ಕೆ ಮಾರಲ್ಪಡುವ ವಸ್ತು ಚೆನ್ನಾಗಿರಬೇಕೆಂದಿಲ್ಲ. ಅಮೆರಿಕದ ಥಾಮಸ್ ಬಿ. ಫೋರ್ಡ್‌ಹ್ಯಾಮ್ ಇನ್‌ಸ್ಟಿಟ್ಯೂಟ್ 2019ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಪ್ರೌಢಶಾಲೆಯ ಇಂಗ್ಲಿಷ್ ಬೋಧನೆಗಾಗಿ ಅಂತರಜಾಲದಲ್ಲಿ ಜನಪ್ರಿಯವಾಗಿದ್ದ ಮುನ್ನೂರಕ್ಕೂ ಹೆಚ್ಚು ಸಾಮಗ್ರಿಗಳನ್ನು ತಜ್ಞರು ತೂಗಿನೋಡಿದರು. ಅವುಗಳಲ್ಲಿ ಬಹುಪಾಲು ಬಳಕೆಗೆ ತಕ್ಕವಲ್ಲ, ಅಥವಾ ಬಳಸದಿರುವುದೇ ಬಹುಶಃ ಮೇಲು ಎಂಬ ತೀರ್ಮಾನಕ್ಕೆ ಬಂದರು. ಜನಪ್ರಿಯತೆಗೂ ಯೋಗ್ಯತೆಗೂ ಇರುವ ಈ ಬಿರುಕನ್ನು ತುಂಬಬೇಕಾದವರು ಬರೆಯುವ ಉಪಾಧ್ಯಾಯರೇ.

ಇಷ್ಟಾದರೂ ವಿದ್ಯೆಯನ್ನು ಮಾರಬಹುದೇ ಎಂಬ ಪ್ರಶ್ನೆ ನಮ್ಮಲ್ಲಿ ಏಳದೆ ಇರದು. ಅನ್ನದಾಸೋಹ, ಜ್ಞಾನದಾಸೋಹಗಳ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಗಳಲ್ಲಂತೂ ಅದು ಏಳುವುದು ನ್ಯಾಯವೇ ಸರಿ. ಆದರೆ ಶರಣರು ಕಾಯಕದ ಪ್ರತಿಫಲವನ್ನು ಹೀನವೆಂದು ಎಣಿಸಲಿಲ್ಲ. ಮೇದರ ಕೇತಯ್ಯ ಬುಟ್ಟಿ ಹೆಣೆದು ಮಾರಿದವನು; ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿದವನು. ಅವರು ನೋಡಿದ್ದು ಅಳತೆಯನ್ನು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತು. ಉಪಾಧ್ಯಾಯರು ರಾತ್ರಿ ಕುಳಿತು ಸಿದ್ಧಪಡಿಸಿದ ಪಟ್ಟಿಗಳಿಗೆ ಕಾಗದದ ಖರ್ಚು, ಶ್ರಮದ ಬೆಲೆ ಪಡೆಯುವುದು ಒಂದು ಮಾತು. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಮಾರಾಟಕ್ಕೆ ಇಟ್ಟುಕೊಳ್ಳುವುದು ಬೇರೆಯೇ ಮಾತು. ಎರಡನೆಯದು ನಡೆದ ದಿನ ಆ ಉಪಾಧ್ಯಾಯರ ಮುಂದೆ ಕುಳಿತ ಮಗುವಿಗೆ ಆಗುವ ಅನ್ಯಾಯವನ್ನು ಯಾವ ಲೇಖನವೂ ಮುಚ್ಚಲಾರದು.

ಕಾನೂನಿನ ಕಡೆಯಿಂದಲೂ ಗಮನಿಸಬೇಕಾದ ಅಂಶಗಳಿವೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ 28ನೆಯ ಪ್ರಕರಣವು ಉಪಾಧ್ಯಾಯರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ. ಉಪಕರಣದ ಮಾರಾಟವು ಪಾಠ ಹೇಳುವುದಲ್ಲವಾದರೂ, ತಮ್ಮದೇ ವಿದ್ಯಾರ್ಥಿಗಳಿಗೆ ಅದನ್ನು ಮಾರಹೊರಟರೆ ಆ ಗೆರೆಯ ಹತ್ತಿರ ಹತ್ತಿರ ಹೋದಂತಾಗುತ್ತದೆ. ಇನ್ನು ಒಡೆತನದ ಪ್ರಶ್ನೆ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಸೇವಾ ಕರಾರಿನಡಿ ಉದ್ಯೋಗದ ಭಾಗವಾಗಿ ರಚಿಸಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಉದ್ಯೋಗ ಕೊಟ್ಟವರೇ ಮೊದಲ ಒಡೆಯರು. ಅಮೆರಿಕದಲ್ಲಿಯೂ ಕಾನೂನಿನ ಒಲವು ಹೀಗೆಯೇ. ನ್ಯೂಯಾರ್ಕ್ ಸಂಸ್ಥಾನದ ಗಣಿತದ ಉಪಾಧ್ಯಾಯರೊಬ್ಬರು ತಾವು ರಚಿಸಿದ ಪ್ರಶ್ನೆಪತ್ರಿಕೆ, ಮನೆಗೆಲಸದ ಲೆಕ್ಕ ಮುಂತಾದವು ತಮ್ಮವೆಂದು ವಾದಿಸಿದಾಗ, ಅಲ್ಲಿಯ ಮೇಲ್ಮನವಿ ನ್ಯಾಯಾಲಯ 2004ರಲ್ಲಿ ಅವು ಶಾಲಾಮಂಡಲಿಯ ಸ್ವತ್ತೆಂದು ತೀರ್ಪಿತ್ತಿತು. ಹಾಗೆಯೇ ಸರಕಾರಿ ಪಠ್ಯಪುಸ್ತಕದ ಚಿತ್ರ, ಪದ್ಯಗಳನ್ನು ಎತ್ತಿ ಉಪಕರಣಕ್ಕೆ ಅಂಟಿಸಿ ಮಾರುವಂತಿಲ್ಲ. ಮಾರಲು ಮನಸ್ಸಿಲ್ಲದೆ ಹಂಚಲು ಮಾತ್ರ ಬಯಸುವವರಿಗೆ 2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯೂ ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯೂ ದಾರಿ ತೋರಿವೆ.

ಕನ್ನಡದಲ್ಲಿ ಬರೆಯುವವರು ಲಿಪಿಯ ವಿಷಯದಲ್ಲಿ ಎಡವುವುದು ಹೆಚ್ಚು. ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪಾಠ ಅಚ್ಚಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಗಣಕಯಂತ್ರದ ಒಳಗೆ ಅದು ಕನ್ನಡವಾಗಿ ಉಳಿದಿರುವುದಿಲ್ಲ. ಬೀದರಿನ ಉಪಾಧ್ಯಾಯರು ‘ಭಿನ್ನರಾಶಿ’ ಎಂದು ಹುಡುಕಿದರೆ ಚಾಮರಾಜನಗರದ ಉಪಾಧ್ಯಾಯರು ಬರೆದಿಟ್ಟ ಲೇಖನ ಸಿಗದೆ ಹೋಗುವುದು ಈ ಕಾರಣದಿಂದ. ಯೂನಿಕೋಡ್ ಲಿಪಿಯಲ್ಲಿ ಬರೆದರೆ ಈ ತೊಂದರೆಯಿಲ್ಲ.

ಸಂಸ್ಥೆಯಲ್ಲಿ ಸೇವೆಯಲ್ಲಿರುವಾಗಲೇ ಇಂಥ ಕಾರ್ಯಕ್ಕೆ ತೊಡಗುವವರು ಮೊದಲು ತಮ್ಮ ಸೇವಾನಿಯಮಗಳನ್ನು ಓದಿ, ಆಡಳಿತ ಮಂಡಳಿಯಿಂದ ಲಿಖಿತ ಅನುಮತಿ ಪಡೆಯುವುದು ಉಚಿತ. ಯಾವ ಉಪಕರಣ, ಯಾರ ಸಮಯದಲ್ಲಿ ಯಾರ ಖರ್ಚಿನಲ್ಲಿ ಸಿದ್ಧವಾದುದು, ಬಂದ ಹಣದಲ್ಲಿ ಶಾಲೆಗೆ ಪಾಲುಂಟೋ ಇಲ್ಲವೋ, ಅದೇ ಶಾಲೆಯ ಮಕ್ಕಳಿಗೆ ಅದು ಹಣವಿಲ್ಲದೆ ದೊರೆಯುವುದೆಂಬ ಮಾತು, ಇಷ್ಟೂ ಆ ಪತ್ರದಲ್ಲಿರಬೇಕು. ಪತ್ರದ ಒಂದು ಪ್ರತಿ ಕಚೇರಿಯ ಕಡತದಲ್ಲಿಯೂ ಮತ್ತೊಂದು ಉಪಾಧ್ಯಾಯರ ಬಳಿಯಲ್ಲಿಯೂ ಇದ್ದರೆ, ಮುಖ್ಯೋಪಾಧ್ಯಾಯರು ಬದಲಾದ ಮೇಲೂ ವಿವಾದಕ್ಕೆ ಎಡೆಯಿರುವುದಿಲ್ಲ.